ಶೌಚಾಲಯದ ಬೀಗದ ಕೈ ಯಾರ ಹತ್ತಿರ ಇದೆ?

ಸಂಪಾದಕರಿಗೆ ನಮಸ್ಕಾರ.

ಪ್ರವಾಸಿ ತಾಣಗಳ ಅಭಿವೃದ್ಧಿಗೆ ಅನುದಾನ ಅನ್ನುವ ಸುದ್ದಿ ನಿಮ್ಮ ಪತ್ರಿಕೆಯಲ್ಲಿ ಆಗಾಗ ಬರುತ್ತಿರುತ್ತದೆ. ಇಷ್ಟು ಕೋಟಿ ಮಂಜೂರು, ಅಷ್ಟು ಕೋಟಿ ಬಿಡುಗಡೆ, ಇಂಥವರಿಂದ ಗುದ್ದಲಿ ಪೂಜೆ. ಓದುತ್ತೇನೆ, ಖುಷಿಯೂ ಆಗುತ್ತದೆ. ಆದರೆ ಪ್ರತಿ ಸಲವೂ ನನ್ನ ಬಾಯಿಗೆ ಬರುವ ಪ್ರಶ್ನೆ ಒಂದೇ. ಆ ದುಡ್ಡಲ್ಲಿ ಕಟ್ಟುವ ಶೌಚಾಲಯದ ಬೀಗದ ಕೈ ಯಾರ ಹತ್ತಿರ ಇರುತ್ತದೆ?

ತಮಾಷೆಗೆ ಕೇಳುತ್ತಿಲ್ಲ. ನಾನು ಮಧುಗಿರಿ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ಪಾಠ ಮಾಡಿ ನಿವೃತ್ತಳಾದವಳು. ಸಮಾಜದ ಟೀಚರ್ ಅಂದ ಮೇಲೆ ಪ್ರವಾಸದ ಜವಾಬ್ದಾರಿ ತಾನಾಗೇ ತಲೆಗೆ ಬೀಳುತ್ತದೆ. ಡಿಸೆಂಬರ್ ಬಂತೆಂದರೆ ಬಸ್ ಬುಕ್ ಮಾಡು, ದುಡ್ಡು ಕೂಡಿಸು, ಚಿತ್ರಾನ್ನ ಮೊಸರನ್ನ ಕಟ್ಟಿಸು, ವಾಂತಿ ಮಾಡುವವರನ್ನು ಕಿಟಕಿ ಪಕ್ಕ ಕೂರಿಸು. ದೂರದ ಪ್ರವಾಸಕ್ಕೆ ನಮ್ಮ ಮಕ್ಕಳ ಮನೆಯವರ ಹತ್ತಿರ ದುಡ್ಡಿರುತ್ತಿರಲಿಲ್ಲ. ಹಾಗಾಗಿ ಬೆಳಗ್ಗೆ ಹೊರಟು ರಾತ್ರಿ ವಾಪಸ್ ಬರುವ ಒಂದು ದಿನದ ಪ್ರವಾಸಗಳೇ ಜಾಸ್ತಿ. ತುಮಕೂರು, ಚಿಕ್ಕಬಳ್ಳಾಪುರ, ಕೋಲಾರ, ಈ ಮೂರು ಜಿಲ್ಲೆಯಲ್ಲಿ ಬಸ್ ಹೋಗುವ ಬೆಟ್ಟ, ಗುಡಿ, ಕೋಟೆ, ಕೆರೆ ಬಹುತೇಕ ನೋಡಿದ್ದೇನೆ. ನೋಡಿದ್ದೇನೆ ಅನ್ನುವುದಕ್ಕಿಂತ ಅಲ್ಲೆಲ್ಲ ಹೆಣ್ಣುಮಕ್ಕಳ ಸಾಲು ಹಿಡಿದುಕೊಂಡು ಶೌಚಾಲಯ ಹುಡುಕಿದ್ದೇನೆ ಅನ್ನುವುದೇ ಸರಿ.

ಒಂದು ವರ್ಷದ್ದು ಮಾತ್ರ ಹೇಳುತ್ತೇನೆ. ಒಂದು ಬೆಟ್ಟದ ಬುಡ. ಊರ ಹೆಸರು ಬರೆಯುವುದಿಲ್ಲ, ಬರೆದರೆ ಆ ಒಂದು ಊರಿಗೆ ಸುಣ್ಣ ಬಣ್ಣ ಹೊಡೆದು ಫೋಟೋ ತೆಗೆದು ಉಳಿದವನ್ನು ಹಾಗೇ ಬಿಡುತ್ತಾರೆ. ಬಸ್ಸಿನಲ್ಲಿ 46 ಮಕ್ಕಳು, ಅದರಲ್ಲಿ 27 ಹುಡುಗಿಯರು, ಎಂಟನೇ ಒಂಬತ್ತನೇ ಕ್ಲಾಸಿನವರು. ಇಳಿದ ಕೂಡಲೇ ಕಂಡಿದ್ದು ಹೊಸ ಕಟ್ಟಡ. ಗುಲಾಬಿ ಬಣ್ಣ, ಮೇಲೆ ಕಪ್ಪು ಸಿಂಟೆಕ್ಸ್ ಟ್ಯಾಂಕು, ಗೋಡೆಯಲ್ಲಿ ಕಪ್ಪು ಗ್ರಾನೈಟ್ ಕಲ್ಲು, ಕಲ್ಲಿನ ಮೇಲೆ ಉದ್ಘಾಟನೆ ಮಾಡಿದವರ ಹೆಸರು ಬಂಗಾರದ ಅಕ್ಷರದಲ್ಲಿ. ಹನ್ನೊಂದು ಹೆಸರು, ನಾನೇ ಎಣಿಸಿದೆ, ಯಾಕೆಂದರೆ ಅಲ್ಲಿ ನಿಂತು ಮಾಡಲಿಕ್ಕೆ ಬೇರೆ ಕೆಲಸ ಇರಲಿಲ್ಲ. ಬಾಗಿಲಿಗೆ ಬೀಗ. ಪಕ್ಕದಲ್ಲಿ ಸೌತೆಕಾಯಿ, ಕಡಲೆಕಾಯಿ ಮಾರುತ್ತಿದ್ದ ಅಮ್ಮನನ್ನು ಕೇಳಿದರೆ, "ಕೀ ವಾಟರ್‌ಮನ್ ತಾವ ಐತೆ ಮೇಡಂ, ಅವ್ನು ಯಾವ್ದೋ ಮದ್ವೆಗೆ ಹೋಗವ್ನೆ" ಅಂದರು. ಫೋನ್ ಮಾಡಿದೆವು. ಸಂಜೆ ಬರುತ್ತೇನೆ ಅಂದ. ಕೊನೆಗೆ ಆ ಅಮ್ಮನೇ ತಮ್ಮ ಮನೆಗೆ ಕರೆದುಕೊಂಡು ಹೋದರು. ಒಂದೇ ಒಂದು ಶೌಚಾಲಯ, 27 ಹುಡುಗಿಯರು, ತೊಟ್ಟಿಯಲ್ಲಿದ್ದ ನೀರೆಲ್ಲ ಖಾಲಿ. ಆ ಮನೆಗೆ ನಲ್ಲಿ ನೀರು ಬರುವುದು ಮೂರು ದಿನಕ್ಕೊಂದು ಸಲವಂತೆ. ಅವರು ಒಂದು ಮಾತೂ ಬೇಜಾರು ಮಾಡಿಕೊಳ್ಳಲಿಲ್ಲ. ನನಗೇ ಮುಖ ಎತ್ತಲು ಆಗಲಿಲ್ಲ.

ಮಾರನೇ ವರ್ಷ ಪ್ರವಾಸದ ದಿನ ಬೆಳಗ್ಗೆ ಒಬ್ಬ ಹುಡುಗಿ ಇಡ್ಲಿ ತಿಂದು ನೀರು ಕುಡಿಯದೇ ಎದ್ದಳು. ಯಾಕೆ ಅಂದೆ. "ಅಕ್ಕ ಹೇಳವ್ಳೆ ಮಿಸ್, ಟ್ರಿಪ್ಪಲ್ಲಿ ನೀರು ಕುಡೀಬಾರ್ದು ಅಂತ." ಅಕ್ಕ ಹಿಂದಿನ ವರ್ಷ ನಮ್ಮ ಜೊತೆ ಬಂದಿದ್ದವಳು. ಅಲ್ಲಿಂದಾಚೆಗೆ ಗಮನಿಸಿದೆ, ಮುಕ್ಕಾಲು ಪಾಲು ಹುಡುಗಿಯರು ಹಾಗೇ ಮಾಡುತ್ತಾರೆ. ಬಾಟಲಿ ತುಂಬಿಸಿಕೊಂಡು ಬರುತ್ತಾರೆ, ಮುಚ್ಚಳ ತೆಗೆಯುವುದಿಲ್ಲ. ಮಧ್ಯಾಹ್ನದ ಬಿಸಿಲಲ್ಲಿ ಬೆಟ್ಟ ಹತ್ತಿ, ನೀರಿಲ್ಲದೆ ತಲೆ ಸುತ್ತಿ ಕೂತವರನ್ನು ನಾನು ನೋಡಿದ್ದೇನೆ. ಸರ್ಕಾರವೇ ಕರ್ನಾಟಕ ದರ್ಶನ ಅಂತ ಸರ್ಕಾರಿ ಶಾಲೆ ಮಕ್ಕಳನ್ನು ಪ್ರವಾಸ ಕಳಿಸುತ್ತದೆ, ಒಳ್ಳೇ ಕೆಲಸ. ಕಳಿಸಿದ ಮಕ್ಕಳು ದಾರಿಯಲ್ಲಿ ಏನು ಮಾಡಬೇಕು ಅನ್ನುವುದನ್ನೂ ಸ್ವಲ್ಪ ಯೋಚಿಸಬೇಕಲ್ವಾ?

ಇನ್ನು ಅನುದಾನದ ವಿಷಯ. ನಿವೃತ್ತಿ ಆದ ಮೇಲೆ ಸಮಯ ಇತ್ತು, ಈ ದುಡ್ಡು ಹೇಗೆ ಬರುತ್ತದೆ, ಎಲ್ಲಿ ನಿಲ್ಲುತ್ತದೆ ಅಂತ ಸುಮ್ನೆ ಕುತೂಹಲಕ್ಕೆ ತಿಳಿದುಕೊಳ್ಳುತ್ತಾ ಹೋದೆ. ನನ್ನ ಹಳೇ ವಿದ್ಯಾರ್ಥಿಗಳಲ್ಲಿ ಒಬ್ಬ ಗುತ್ತಿಗೆದಾರ, ಒಬ್ಬಳು ಗ್ರಾಮ ಪಂಚಾಯಿತಿ ಸದಸ್ಯೆ, ಒಬ್ಬ ಇಂಜಿನಿಯರ್. ಮೂವರೂ ಬೇರೆ ಬೇರೆ ಕಡೆಯಿಂದ ಒಂದೇ ಕಥೆ ಹೇಳಿದರು.

ಮೊದಲು ಡಿಪಿಆರ್ ಆಗುತ್ತದೆ. ಏನೇನು ಕಟ್ಟಬೇಕು, ಎಷ್ಟಾಗುತ್ತದೆ ಅನ್ನುವ ವರದಿ. ಅದಕ್ಕೆ ಆಡಳಿತದ ಒಪ್ಪಿಗೆ, ಆಮೇಲೆ ತಾಂತ್ರಿಕ ಒಪ್ಪಿಗೆ, ಆಮೇಲೆ ಟೆಂಡರ್ರೋ ನೇರವಾಗಿ ಯಾವುದಾದರೂ ಸರ್ಕಾರಿ ಸಂಸ್ಥೆಗೋ ಕೆಲಸ. ಕಟ್ಟಿದವರು ಬಿಲ್ಲು ಮಾಡಿಸಿಕೊಳ್ಳುತ್ತಾರೆ, ದುಡ್ಡು ಖರ್ಚಾಗಿದೆ ಅಂತ ಬಳಕೆ ಪ್ರಮಾಣಪತ್ರ ಮೇಲಕ್ಕೆ ಹೋಗುತ್ತದೆ. ಅದು ಹೋದರೆ ಮುಂದಿನ ಕಂತು. ಇಷ್ಟರಲ್ಲಿ ಮಾರ್ಚ್ ಬಂದಿರುತ್ತದೆ, ಮಾರ್ಚ್ ಅಂದರೆ ಎಲ್ಲರಿಗೂ ಗೊತ್ತು. ಕಟ್ಟಡ ನಿಂತಿತು, ಲೆಕ್ಕ ಮುಗಿಯಿತು. ಈಗ ಇದನ್ನು ಯಾರಿಗೆ ಹಸ್ತಾಂತರ ಮಾಡುವುದು? ಪಂಚಾಯಿತಿಗೆ ಅಂದರೆ ಅವರು ಕರೆಂಟ್ ಬಿಲ್ ಯಾರು ಕಟ್ಟುತ್ತಾರೆ ಅಂತ ಕೇಳುತ್ತಾರೆ, ಕೇಳಬೇಕಾದ್ದೇ. ಗುಡಿ ಮುಜರಾಯಿಗೆ ಸೇರಿದ್ದು, ಬೆಟ್ಟ ಅರಣ್ಯ ಇಲಾಖೆದು, ಕೋಟೆ ಪುರಾತತ್ವದವರದು, ರಸ್ತೆ ಲೋಕೋಪಯೋಗಿಯದು, ದುಡ್ಡು ಪ್ರವಾಸೋದ್ಯಮದ್ದು. ಶೌಚಾಲಯ ಮಾತ್ರ ಯಾರದ್ದೂ ಅಲ್ಲ. ಐದು ಜನ ಅಣ್ಣತಮ್ಮಂದಿರ ಮನೆಯಲ್ಲಿ ಅಮ್ಮನಿಗೆ ಊಟ ಇಲ್ಲ ಅಂದ ಹಾಗೆ.

ಹಸ್ತಾಂತರ ಆಗುವವರೆಗೆ ಬೀಗ. ಆರು ತಿಂಗಳಿಗೆ ಬೋರಿನ ಮೋಟರ್ ಕೆಟ್ಟಿರುತ್ತದೆ. ವರ್ಷಕ್ಕೆ ನಲ್ಲಿಗಳು ಇರುವುದಿಲ್ಲ. ಎರಡು ವರ್ಷಕ್ಕೆ ಬಾಗಿಲು ಹೋಗಿ, ಮುಂದಿನ ಅನುದಾನದಲ್ಲಿ ಪಕ್ಕದಲ್ಲೇ ಇನ್ನೊಂದು ಕಟ್ಟುತ್ತಾರೆ. ಹಳೇದನ್ನು ರಿಪೇರಿ ಮಾಡಲು ದುಡ್ಡು ಸಿಗುವುದು ಕಷ್ಟ, ಹೊಸದು ಕಟ್ಟಲು ಸಿಗುತ್ತದೆ. ಇದು ಯಾರೋ ಒಬ್ಬರ ಕಳ್ಳತನ ಅಂತ ನಾನು ಹೇಳುತ್ತಿಲ್ಲ. ಕಳ್ಳತನ ಇದ್ದರೆ ಅದು ಬೇರೆ ಮಾತು. ಎಲ್ಲರೂ ಪ್ರಾಮಾಣಿಕವಾಗಿಯೇ ಕೆಲಸ ಮಾಡಿದರೂ ಬಾಗಿಲಿಗೆ ಬೀಗವೇ ಬೀಳುತ್ತದೆ, ಯಾಕೆಂದರೆ ದುಡ್ಡು ಬರುವುದೇ ಕಟ್ಟಲಿಕ್ಕೆ. ನಡೆಸಲಿಕ್ಕೆ ಅಲ್ಲ.

ದೊಡ್ಡ ಯೋಜನೆಗಳಲ್ಲೂ ಇದೇ. ಕೇಂದ್ರ ಸರ್ಕಾರ 2024ರ ನವೆಂಬರ್‌ನಲ್ಲಿ 23 ರಾಜ್ಯಗಳ 40 ಪ್ರವಾಸಿ ಯೋಜನೆಗಳಿಗೆ 3,295 ಕೋಟಿ ರೂಪಾಯಿ ಕೊಡಲು ಒಪ್ಪಿತು. ಎಲ್ಲರೂ ಅನುದಾನ ಅನುದಾನ ಅಂದರು. ನಿಜ ನೋಡಿದರೆ ಅದು ರಾಜ್ಯಗಳಿಗೆ 50 ವರ್ಷದ ಬಡ್ಡಿಯಿಲ್ಲದ ಸಾಲ, ಅದೂ ಬಂಡವಾಳ ವೆಚ್ಚಕ್ಕೆ ಮಾತ್ರ. ಅಂದರೆ ಕಟ್ಟಡ, ರಸ್ತೆ, ದೀಪ ಇಂಥದ್ದಕ್ಕೆ. ಆಮೇಲೆ ಅದನ್ನು ನೋಡಿಕೊಳ್ಳುವುದು ರಾಜ್ಯದ ತಲೆನೋವು. ಕರ್ನಾಟಕಕ್ಕೆ ಆ ಪಟ್ಟಿಯಲ್ಲಿ ಸಿಕ್ಕಿದ್ದು ಎರಡು, ಬೆಂಗಳೂರಿನ ತಾತಗುಣಿಯ ರೋರಿಕ್ ಎಸ್ಟೇಟು ಮತ್ತು ಸವದತ್ತಿಯ ಯಲ್ಲಮ್ಮನ ಗುಡ್ಡ, ಒಂದೊಂದಕ್ಕೂ ಹತ್ತಿರ ಹತ್ತಿರ 100 ಕೋಟಿ. ಪ್ರವಾಸಿ ತಾಣಗಳಿಗೆ ಕೇಂದ್ರದ್ದೇ ಇನ್ನೊಂದು ಯೋಜನೆ ಸ್ವದೇಶ ದರ್ಶನ, ಅದರ ಎರಡನೇ ಸುತ್ತಿಗೆ ಮೊದಲು ಆರಿಸಿದ್ದು ಹಂಪಿ ಮತ್ತು ಮೈಸೂರು. ಯಾತ್ರಾ ಸ್ಥಳಗಳಿಗೆ ಅಂತ ಕೇಂದ್ರ ಮಾಡಿದ ಪ್ರಸಾದ್ ಯೋಜನೆಯಲ್ಲಿ ಚಾಮುಂಡಿ ಬೆಟ್ಟ. ಯಲ್ಲಮ್ಮನ ಗುಡ್ಡಕ್ಕೆ ಕೊಟ್ಟಿದ್ದು ನನಗೆ ನಿಜವಾಗಿ ಸಂತೋಷ. ಲಕ್ಷಗಟ್ಟಲೆ ಹೆಂಗಸರು ಹೋಗುವ ಜಾಗ ಅದು. ನಮ್ಮ ಮೂರು ಜಿಲ್ಲೆಗಳು ಈ ಪಟ್ಟಿಗಳಲ್ಲಿ ಇಲ್ಲ ಅಂತಲೂ ನನಗೆ ಹೊಟ್ಟೆಕಿಚ್ಚಿಲ್ಲ.

ಯಾಕೆಂದರೆ ನಮ್ಮ ಕಡೆ ಇರುವುದು ಹಂಪಿಯಂಥ ಒಂದು ದೊಡ್ಡ ಜಾಗ ಅಲ್ಲ. ಚಿಕ್ಕ ಚಿಕ್ಕವು, ಲೆಕ್ಕವಿಲ್ಲದಷ್ಟು. ಮಧುಗಿರಿಯಲ್ಲಿ ಒಂದೇ ಬಂಡೆಯ ಬೆಟ್ಟ, 3,930 ಅಡಿ, ಬಂಡೆಯಲ್ಲೇ ಕೊರೆದ ಮೆಟ್ಟಿಲು. ಅಲ್ಲಿಂದ ಹೊರಟರೆ ಕೊರಟಗೆರೆ ಕಡೆ ಸಿದ್ಧರ ಬೆಟ್ಟ, ಗೊರವನಹಳ್ಳಿ ಮಹಾಲಕ್ಷ್ಮಿ, ಹಾಗೇ ಬಂದರೆ ದೇವರಾಯನದುರ್ಗ, ನಾಮದ ಚಿಲುಮೆ. ತುಮಕೂರು ದಾಟಿದರೆ ಕೈದಾಳದ ಚೆನ್ನಕೇಶವ. ಶಿರಾ ಕಡೆ ಹೋದರೆ ಸೀಬಿ ನರಸಿಂಹನ ಗುಡಿಯ ಚಾವಣಿ ಚಿತ್ರಗಳು, ಮಲಿಕ್ ರೆಹಾನ್ ಗೋರಿ, ಕಗ್ಗಲಡು ಹಕ್ಕಿಗಳು. ಪೂರ್ವಕ್ಕೆ ಹೋದರೆ ಗೌರಿಬಿದನೂರಿನ ವಿದುರಾಶ್ವತ್ಥ, ಗುಡಿಬಂಡೆ ಕೋಟೆ ಮತ್ತು ಕೆಳಗಿನ ಭೈರಸಾಗರ, ಮುದ್ದೇನಹಳ್ಳಿ, ನಂದಿ, ಕೈವಾರ. ಕೋಲಾರಕ್ಕೆ ಹೋದರೆ ಕೋಲಾರಮ್ಮ, ಅಂತರಗಂಗೆ, ಆವನಿ, ಕುರುಡುಮಲೆ. ಒಂದು ದಿನದ ಬಸ್ಸಿಗೆ ಇದರಲ್ಲಿ ನಾಲ್ಕು ಜಾಗ ಆಗುತ್ತದೆ. ಹೆಚ್ಚಿನವರು ಇಲ್ಲಿ ರಾತ್ರಿ ಉಳಿಯುವುದಿಲ್ಲ, ಎರಡು ಗಂಟೆ ಇರುತ್ತಾರೆ, ಹೋಗುತ್ತಾರೆ. ಇಲ್ಲಿಗೆ ಬೇಕಾಗಿರುವುದು 100 ಕೋಟಿ ಒಂದು ಕಡೆ ಅಲ್ಲ. ನೂರು ಕಡೆ ಒಂದೊಂದು ನಲ್ಲಿ, ಒಂದೊಂದು ನೆರಳು, ತೆರೆದ ಬಾಗಿಲಿನ ಒಂದೊಂದು ಶೌಚಾಲಯ. ಚಿಕ್ಕ ಕೆಲಸಕ್ಕೆ ಡಿಪಿಆರ್ ಮಾಡುವವರಿಗೆ ಉತ್ಸಾಹ ಇರುವುದಿಲ್ಲ, ಗ್ರಾನೈಟ್ ಕಲ್ಲಿನ ಮೇಲೆ ಹನ್ನೊಂದು ಹೆಸರು ಹಾಕಲೂ ಜಾಗ ಸಾಲುವುದಿಲ್ಲ, ಅದು ಗೊತ್ತು.

ಉತ್ಸಾಹ ಎಲ್ಲಿ ಇರುತ್ತದೆ ಅಂದರೆ ಸ್ವಾಗತ ಕಮಾನಿನಲ್ಲಿ. ಸೆಲ್ಫಿ ಪಾಯಿಂಟಿನಲ್ಲಿ. ಈಗ ಎಲ್ಲ ಊರಲ್ಲೂ ಐ ಲವ್ ಅಂತ ದೊಡ್ಡ ಅಕ್ಷರ ನಿಲ್ಲಿಸುವುದು ಬಂದಿದೆ, ಅದರಲ್ಲಿ ಒಂದಕ್ಷರ ಬಿದ್ದು ಊರ ಹೆಸರೇ ಬೇರೆ ಆಗಿರುತ್ತದೆ. ಪ್ರೀತಿ ಇದ್ದರೆ ಬಾಗಿಲು ತೆಗೆಯಿರಪ್ಪ ಅನ್ನಿಸುತ್ತದೆ.

ಕಗ್ಗಲಡು ವಿಷಯ ಸ್ವಲ್ಪ ಹೇಳಬೇಕು. ಅಲ್ಲಿ ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆಮರಗಳ ಮೇಲೆ ಗೂಡು ಕಟ್ಟುತ್ತವೆ. ಮನೆಯ ಪಕ್ಕದಲ್ಲೇ. ಹಿಕ್ಕೆ, ವಾಸನೆ, ಗಲಾಟೆ ಎಲ್ಲ ಸಹಿಸಿಕೊಂಡು ಊರವರೇ ಅವನ್ನು ಕಾಯುತ್ತಾರೆ. ನಾನು ಮಕ್ಕಳನ್ನು ಕರೆದುಕೊಂಡು ಹೋದಾಗ ಒಬ್ಬರು ತಾತ ಬಂದು, ಗಲಾಟೆ ಮಾಡಬೇಡಿ, ಮರಿ ಅವೆ ಅಂತ ಮೆಲ್ಲಗೆ ಹೇಳಿ ಹೋದರು. ಯಾವ ಇಲಾಖೆಯ ಬೋರ್ಡೂ ಆ ಕೆಲಸ ಮಾಡುವುದಿಲ್ಲ. ಇಂಥ ಊರಿಗೆ ಅನುದಾನ ಕೊಟ್ಟರೆ ಏನು ಮಾಡಬೇಕು? ಹಕ್ಕಿ ಬರುವುದು ಸುತ್ತಲ ಕೆರೆಗಳಲ್ಲಿ ನೀರಿದ್ದರೆ, ನೀರಿನಲ್ಲಿ ಮೀನಿದ್ದರೆ. ಹಾಗಾದರೆ ದುಡ್ಡು ಕೆರೆಗೆ, ಕಾಲುವೆಗೆ ಹೋಗಬೇಕು. ಕಾಂಕ್ರೀಟಿನಲ್ಲಿ ಕೊಕ್ಕರೆ ಪ್ರತಿಮೆ ಮಾಡಿ ನಿಲ್ಲಿಸಿದರೆ ನಿಜವಾದ ಕೊಕ್ಕರೆ ಬರುತ್ತದಾ? ಕೆರೆಗೆ ಹಾಕಿದ ದುಡ್ಡು ಪ್ರವಾಸೋದ್ಯಮದ ಲೆಕ್ಕಕ್ಕೆ ಬರುವುದಿಲ್ಲ ಅನ್ನುತ್ತಾರೆ. ಆ ಲೆಕ್ಕವನ್ನು ಬದಲಾಯಿಸಿ ಅಂತ ಕೇಳುವುದಕ್ಕೇ ಈ ಕಾಗದ.

ಹಳಬರು ಇದನ್ನು ನಮಗಿಂತ ಚೆನ್ನಾಗಿ ತಿಳಿದಿದ್ದರು. ಮಧುಗಿರಿ ಬೆಟ್ಟದ ಮೇಲೆ ಭೀಮನ ದೊಣೆ ಇದೆ, ನವಿಲು ದೊಣೆ ಇದೆ. ಅಷ್ಟು ಎತ್ತರದ ಬರೀ ಬಂಡೆಯ ಮೇಲೆ ಮಳೆನೀರು ಹಿಡಿದಿಟ್ಟು ಕೋಟೆಯಲ್ಲಿ ಜನ ಬದುಕಿದರು. ನೀರಿಲ್ಲದೆ ಕೋಟೆ ಕಟ್ಟಿ ಉದ್ಘಾಟನೆ ಮಾಡಿದ್ದರೆ ಮೊದಲ ಬೇಸಿಗೆಗೇ ಖಾಲಿ ಮಾಡಬೇಕಿತ್ತು. ದೊಣೆಯ ಹೂಳು ತೆಗೆಯುವುದಕ್ಕೂ ಯಾರೋ ಒಬ್ಬರು ಇದ್ದೇ ಇರುತ್ತಿದ್ದರು, ಅವರಿಗೆ ಒಂದಿಷ್ಟು ಭತ್ತವೋ ರಾಗಿಯೋ ಸಿಗುತ್ತಿದ್ದಿರಬೇಕು.

ರೋಪ್‌ವೇ ಬಗ್ಗೆ ಹೇಳದಿದ್ದರೆ ಚಿಕ್ಕಬಳ್ಳಾಪುರದವರು ಬೇಜಾರಾಗುತ್ತಾರೆ. ನಂದಿ ಬೆಟ್ಟಕ್ಕೆ ಸುಮಾರು 93 ಕೋಟಿಯ ರೋಪ್‌ವೇಗೆ 2023ರಲ್ಲಿ ಶಂಕುಸ್ಥಾಪನೆ ಆಯಿತು, ಸುಮಾರು ಮೂರು ಕಿಲೋಮೀಟರ್ ಉದ್ದದ್ದು, ಖಾಸಗಿಯವರ ಜೊತೆ ಸೇರಿ ಮಾಡುವುದು. 2025ರ ಜುಲೈ 2ರಂದು ಸಚಿವ ಸಂಪುಟ ಸಭೆಯೇ ನಂದಿ ಬೆಟ್ಟದ ಮೇಲೆ ನಡೆಯಿತು. ರೋಪ್‌ವೇ ಬೇಡ ಅಂತ ನಾನು ಹೇಳುವುದಿಲ್ಲ. ಶನಿವಾರ ಭಾನುವಾರ ಬೆಂಗಳೂರಿನ ಕಾರುಗಳೆಲ್ಲ ಸೂರ್ಯ ಹುಟ್ಟುವುದನ್ನು ನೋಡಲು ಅಲ್ಲಿಗೇ ಬರುತ್ತವೆ, ಆ ಘಾಟಿ ರಸ್ತೆಗೆ ಅಷ್ಟು ಹೊರುವ ಶಕ್ತಿ ಇಲ್ಲ. ಮಂಡಿ ನೋವಿನ ನನ್ನಂಥವರಿಗೂ ಆಗುತ್ತದೆ. ಮತ್ತೆ ರೋಪ್‌ವೇ ನಡೆಸುವವರಿಗೆ ಟಿಕೆಟ್ ದುಡ್ಡು ಇದೆ, ಅದನ್ನು ಕೆಡದಂತೆ ನೋಡಿಕೊಳ್ಳುವುದು ಅವರ ಹೊಟ್ಟೆಪಾಡು. ಹಾಗಾಗಿ ಅದರ ಚಿಂತೆ ನನಗಿಲ್ಲ. ನನ್ನ ಚಿಂತೆ ಟಿಕೆಟ್ ಇಲ್ಲದ ಜಾಗಗಳದ್ದು.

ಉದಾಹರಣೆಗೆ ವಿದುರಾಶ್ವತ್ಥ. 1938ರ ಏಪ್ರಿಲ್ 25ರಂದು ಅಲ್ಲಿ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ದಕ್ಷಿಣದ ಜಲಿಯನ್‌ವಾಲಾಬಾಗ್ ಅನ್ನುತ್ತಾರೆ. ಪ್ರತಿ ವರ್ಷ ಎಂಟನೇ ಕ್ಲಾಸಿಗೆ ಇದನ್ನು ಹೇಳುವಾಗ ಮಕ್ಕಳು ಕೇಳುತ್ತಿದ್ದರು, ಮಿಸ್ ಇದು ನಮ್ಮ ಪಕ್ಕದಲ್ಲೇ ಐತಲ್ವಾ ಅಂತ. ಹೌದು, ಪಕ್ಕದಲ್ಲೇ, ಉತ್ತರ ಪಿನಾಕಿನಿ ದಡದಲ್ಲಿ, ಸಾಲು ಸಾಲು ನಾಗರಕಲ್ಲುಗಳ ಮಧ್ಯೆ. ಪಕ್ಕದಲ್ಲೇ ರೈಲು ನಿಲ್ದಾಣವೂ ಇದೆ. ಹೊರಗಿನವರನ್ನು ಬಿಡಿ, ನಮ್ಮ ಮೂರು ಜಿಲ್ಲೆಯ ಪ್ರತಿ ಶಾಲೆಯ ಮಕ್ಕಳೂ ಒಂದು ಸಲ ನೋಡಬೇಕಾದ ಜಾಗ. ಮಕ್ಕಳಿಗೆ ಅಲ್ಲಿ ಬೇಕಾದ್ದು ಕೂತು ಬುತ್ತಿ ಬಿಚ್ಚಲು ನೆರಳು, ಕೈ ತೊಳೆಯಲು ನೀರು, ಮತ್ತೆ ಕಥೆ ಹೇಳುವ ಒಬ್ಬ ಮನುಷ್ಯ. ಕಥೆ ಹೇಳುವವರಿಗೆ ಸಂಬಳ ಕೊಡುವುದು ಕೂಡ ಮೂಲಸೌಕರ್ಯ ಅಂತಲೇ ನಾನು ಅಂದುಕೊಂಡಿದ್ದೇನೆ. ಕಾಗದದಲ್ಲಿ ಹಾಗೆ ಬರೆಯಲು ಬರುವುದಿಲ್ಲವಂತೆ. ಸಂಬಳ ಅಂದ ಕೂಡಲೇ ಅದು ಬೇರೆ ಲೆಕ್ಕಶೀರ್ಷಿಕೆ.

ಕೋಲಾರದ ಕಡೆ ಇನ್ನೊಂದು ತೊಡಕು ಇದೆ, ಅದನ್ನು ಅನುದಾನ ಬರೆಯುವವರು ಮೊದಲೇ ನೋಡಬೇಕು. ಕೋಲಾರಮ್ಮ, ಸೋಮೇಶ್ವರ, ಆವನಿಯ ರಾಮಲಿಂಗೇಶ್ವರ, ಇವೆಲ್ಲ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಗುಡಿಗಳು. ಇಂಥ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ, ಅದರಾಚೆ ಇನ್ನೂ 200 ಮೀಟರ್ ಅನುಮತಿ ಬೇಕು. ಕಾನೂನು ಒಳ್ಳೆಯದೇ. ಇಲ್ಲದಿದ್ದರೆ ಗುಡಿಯ ಗೋಡೆಗೇ ಅಂಗಡಿ ಆನಿಸುತ್ತಿದ್ದರು. ಆದರೆ ದುಡ್ಡು ಮಂಜೂರಾದ ಮೇಲೆ ಜಾಗ ಹುಡುಕಲು ಹೊರಟರೆ ಎರಡು ವರ್ಷ ಪತ್ರ ವ್ಯವಹಾರದಲ್ಲೇ ಹೋಗುತ್ತದೆ, ಆಮೇಲೆ ಯಾರೂ ನಡೆದು ಹೋಗದ ಮೂಲೆಯಲ್ಲಿ ಶೌಚಾಲಯ ಎದ್ದು ನಿಲ್ಲುತ್ತದೆ. ದೇವರಾಯನದುರ್ಗದಂಥ ಕಾಡಿನ ನಡುವಿನ ಬೆಟ್ಟಗಳಲ್ಲಿ ಅರಣ್ಯದ ಕಾನೂನು. ಜಾಗ ಮೊದಲು, ಒಪ್ಪಿಗೆ ಮೊದಲು, ಗುದ್ದಲಿ ಪೂಜೆ ಆಮೇಲೆ. ಮನೆ ಕಟ್ಟುವ ಯಾವ ಬಡವನೂ ಸೈಟು ಇಲ್ಲದೆ ಪಾಯ ತೋಡಲು ಕರೆಯುವುದಿಲ್ಲ.

ಕೆಜಿಎಫ್ ಬಗ್ಗೆ ಒಂದು ಮಾತು. 2001ರ ಫೆಬ್ರವರಿ 28ರಂದು ಅಲ್ಲಿನ ಚಿನ್ನದ ಗಣಿ ಮುಚ್ಚಿತು. ಶಿವನಸಮುದ್ರದಿಂದ 1902ರಲ್ಲೇ ಕರೆಂಟು ಬಂದ ಊರು, ಮೂರು ಕಿಲೋಮೀಟರಿಗಿಂತ ಆಳಕ್ಕೆ ಜನ ಇಳಿದ ಊರು. ಈಗ ಹುಡುಗರು ಬೈಕಿನಲ್ಲಿ ಬಂದು, ಚಿನ್ನ ತೆಗೆದು ಉಳಿದ ಮಣ್ಣಿನ ಸೈನೈಡ್ ದಿಬ್ಬದ ಹತ್ತಿರ ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಗಣಿಯೊಳಗೆ ಇಳಿದಿದ್ದವರು ಇನ್ನೂ ಆ ಊರಲ್ಲಿದ್ದಾರೆ, ಅವರಿಗೆ ವಯಸ್ಸಾಗುತ್ತಿದೆ. ಅವರನ್ನು ಕೂರಿಸಿ ಮಾತಾಡಿಸುವ ಒಂದು ಕೋಣೆ ಮಾಡಲು ಎಷ್ಟು ಕೋಟಿ ಬೇಕು?

ಈಗ ಲೆಕ್ಕಕ್ಕೆ ಬರುತ್ತೇನೆ, ಟೀಚರ್ ಅಲ್ವಾ. ಒಂದು ಚಿಕ್ಕ ತಾಣದ ಶೌಚಾಲಯ ದಿನವೂ ತೆರೆದಿರಬೇಕು ಅಂದರೆ ಇಬ್ಬರು ಬೇಕು, ಪಾಳಿಯಲ್ಲಿ. ತಿಂಗಳಿಗೆ ಒಬ್ಬರಿಗೆ 12 ಸಾವಿರ ಅಂತ ಇಟ್ಟುಕೊಳ್ಳಿ, ಅದೇನು ಜಾಸ್ತಿ ಅಲ್ಲ. ವರ್ಷಕ್ಕೆ 2,88,000 ಆಯಿತು. ಫಿನಾಯಿಲ್, ಪೊರಕೆ, ಕರೆಂಟು, ಮೋಟರ್ ರಿಪೇರಿ, ಗುಂಡಿ ಖಾಲಿ ಮಾಡಿಸುವುದು, ಎಲ್ಲ ಸೇರಿ ನಾಲ್ಕು ಲಕ್ಷ ಅನ್ನೋಣ. ಐದು ವರ್ಷಕ್ಕೆ 20 ಲಕ್ಷ. ಒಂದು ಕೋಟಿಯ ಕೆಲಸದಲ್ಲಿ ಇದು ಐದರಲ್ಲಿ ಒಂದು ಪಾಲು. ಇದನ್ನು ಮೊದಲ ದಿನವೇ ಪಕ್ಕಕ್ಕೆ ತೆಗೆದಿಡಿ, ಬ್ಯಾಂಕಿನಲ್ಲಿಡಿ, ಉಳಿದ 80 ಲಕ್ಷದಲ್ಲಿ ಎಷ್ಟು ಕಟ್ಟಲು ಆಗುತ್ತದೋ ಅಷ್ಟೇ ಕಟ್ಟಿ. ನಾಲ್ಕು ಕೋಣೆ ಕಡಿಮೆ ಇರಲಿ, ಇರುವುದು ತೆರೆದಿರಲಿ.

ಜನರಿಂದ ಐದು ರೂಪಾಯಿ ತೆಗೆದುಕೊಂಡು ನಡೆಸಿ ಅನ್ನುತ್ತಾರೆ. ಅದನ್ನೂ ಲೆಕ್ಕ ಹಾಕಿದೆ. ನಮ್ಮ ಕಡೆಯ ಚಿಕ್ಕ ಬೆಟ್ಟಕ್ಕೆ ಭಾನುವಾರ 200 ಜನ ಶೌಚಾಲಯಕ್ಕೆ ಬಂದರು ಅಂತಲೇ ಇಟ್ಟುಕೊಳ್ಳಿ. ಸಾವಿರ ರೂಪಾಯಿ. ವರ್ಷಕ್ಕೆ 52 ಭಾನುವಾರ, 52 ಸಾವಿರ. ವಾರದ ಉಳಿದ ದಿನಗಳಲ್ಲಿ ಬರುವವರು ಬೆರಳೆಣಿಕೆ. ನಾಲ್ಕು ಲಕ್ಷ ಎಲ್ಲಿ, 52 ಸಾವಿರ ಎಲ್ಲಿ? ನಂದಿಯಲ್ಲಿ, ಕೋಟಿಲಿಂಗದಲ್ಲಿ ಶುಲ್ಕದಿಂದ ನಡೆಯಬಹುದು. ಗುಡಿಬಂಡೆಯಲ್ಲಿ, ಆವನಿಯಲ್ಲಿ, ಸೀಬಿಯಲ್ಲಿ ನಡೆಯುವುದಿಲ್ಲ. ಗುತ್ತಿಗೆ ಹಿಡಿದವನು ಎರಡು ತಿಂಗಳು ನೋಡುತ್ತಾನೆ, ಮೂರನೇ ತಿಂಗಳು ಬೀಗ ಹಾಕಿಕೊಂಡು ಹೋಗುತ್ತಾನೆ. ಅವನದ್ದೂ ತಪ್ಪಲ್ಲ.

ಗುಡಿಯ ಹುಂಡಿಯಿಂದ ಕೊಡಲಿ ಅನ್ನುವವರೂ ಇದ್ದಾರೆ. ಮುಜರಾಯಿ ಗುಡಿಗಳಲ್ಲಿ ವರ್ಷಕ್ಕೆ 25 ಲಕ್ಷಕ್ಕಿಂತ ಜಾಸ್ತಿ ವರಮಾನ ಇದ್ದರೆ ಎ ದರ್ಜೆ, ಐದು ಲಕ್ಷದಿಂದ 25 ಲಕ್ಷದವರೆಗೆ ಬಿ, ಐದು ಲಕ್ಷಕ್ಕಿಂತ ಕಡಿಮೆ ಇದ್ದರೆ ಸಿ. ರಾಜ್ಯದ ಮುಜರಾಯಿ ಗುಡಿಗಳಲ್ಲಿ ಬಹುಪಾಲು ಸಿ ದರ್ಜೆಯವು. ದೀಪದೆಣ್ಣೆಗೆ ಪರದಾಡುವ ಗುಡಿಗೆ ಫಿನಾಯಿಲ್ ಕೊಳ್ಳಿ ಅನ್ನುವುದು ಹೇಗೆ.

ಬೀಗದ ಕೈ ಯಾರಿಗೆ ಕೊಡಬೇಕು ಅನ್ನುವುದಕ್ಕೆ ನನ್ನ ಹತ್ತಿರ ಉತ್ತರ ಇದೆ. ಈಗ ಎಷ್ಟೋ ಪಂಚಾಯಿತಿಗಳಲ್ಲಿ ಕಸದ ಗಾಡಿ ಓಡಿಸುವವರು ಯಾರು? ಸಂಜೀವಿನಿ ಒಕ್ಕೂಟದ, ಅಂದರೆ ಸ್ವಸಹಾಯ ಸಂಘಗಳ ಒಕ್ಕೂಟದ ಹೆಣ್ಣುಮಕ್ಕಳು. ಸ್ವಚ್ಛವಾಹಿನಿ ಗಾಡಿಯ ಡ್ರೈವರ್ ಸೀಟಿನಲ್ಲಿ ನನ್ನ ಹಳೇ ವಿದ್ಯಾರ್ಥಿನಿಯೇ ಕೂತಿರುವುದನ್ನು ನೋಡಿ ನಾನು ದಾರಿಯಲ್ಲಿ ನಿಂತು ಕೈ ಬೀಸಿದ್ದೇನೆ. ಮನೆ ಮನೆಗೆ ಹೋಗಿ ಹಸಿ ಕಸ ಒಣ ಕಸ ಬೇರೆ ಮಾಡಿಸುವ ಹೆಂಗಸರಿಗೆ ಒಂದು ಶೌಚಾಲಯ ನಡೆಸಲು ಬರುವುದಿಲ್ಲವೇ? ಅದೇ ಒಕ್ಕೂಟಕ್ಕೆ ಐದು ವರ್ಷಕ್ಕೆ ಒಪ್ಪಂದ ಮಾಡಿ ಕೊಡಿ. ಪಕ್ಕದಲ್ಲೇ ಒಂದು ಚಿಕ್ಕ ಅಂಗಡಿ ಹಾಕಿಕೊಳ್ಳಲು ಬಿಡಿ, ಮಜ್ಜಿಗೆ, ನಿಪ್ಪಟ್ಟು, ಎಳನೀರು, ಏನಾದರೂ. ಅಂಗಡಿ ತೆರೆದಿದ್ದರೆ ಶೌಚಾಲಯವೂ ತೆರೆದಿರುತ್ತದೆ, ಯಾಕೆಂದರೆ ಅಲ್ಲಿ ಒಬ್ಬರು ಕೂತಿರುತ್ತಾರೆ. ಬೇಕಾಗಿರುವುದೇ ಅಷ್ಟು, ಒಬ್ಬರು ಕೂತಿರುವುದು. ಸಿದ್ಧಗಂಗೆಯಲ್ಲಿ, ಎಡೆಯೂರಿನಲ್ಲಿ ಮಕ್ಕಳನ್ನು ಇಳಿಸುವಾಗ ನನಗೆ ಯಾವತ್ತೂ ಭಯ ಆಗಿಲ್ಲ. ಅಲ್ಲಿನ ಕಟ್ಟಡ ದೊಡ್ಡದು ಅಂತ ಅಲ್ಲ. ದಿನವೂ ಬೆಳಗ್ಗೆ ಎದ್ದು ಗುಡಿಸುವವರು ಅಲ್ಲೇ ಇದ್ದಾರೆ ಅಂತ.

ಇನ್ನೊಂದು ವಿಷಯ ಅಧಿಕಾರಿಗಳು ಗಮನಿಸಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಪ್ರವಾಸಿಗರು ಅಂದರೆ ಯಾರು ಅನ್ನುವುದೇ ಬದಲಾಗಿದೆ. ಆಧಾರ್ ಕಾರ್ಡ್ ಸೆರಗಿಗೆ ಕಟ್ಟಿಕೊಂಡು, ಸೊಸೆ ಮೊಮ್ಮಗಳನ್ನು ಕರೆದುಕೊಂಡು, ಶುಕ್ರವಾರ ಗೊರವನಹಳ್ಳಿಗೆ, ಅಮಾವಾಸ್ಯೆಗೆ ಇನ್ನೆಲ್ಲಿಗೋ ಹೊರಟ ಹೆಂಗಸರು ಈಗ ನಮ್ಮ ದೊಡ್ಡ ಪ್ರವಾಸಿಗರು. ನಮ್ಮ ಬೀದಿಯ ಅಜ್ಜಿಯೊಬ್ಬರು 70 ವರ್ಷಕ್ಕೆ ಮೊದಲ ಸಲ ಕುರುಡುಮಲೆ ಗಣಪನನ್ನು ನೋಡಿಬಂದರು. ಬಂದವರು ಮೊದಲು ಹೇಳಿದ್ದು ಗಣಪ ಎಷ್ಟು ಎತ್ತರ ಅಂತ, ಎರಡನೇದು ದಾರಿಯಲ್ಲಿ ಎಷ್ಟು ಕಷ್ಟ ಆಯಿತು ಅಂತ. ಬಸ್ಸು ಬಿಟ್ಟಾಯಿತು, ಟಿಕೆಟ್ ಮಾಫಿ ಮಾಡಿಯಾಯಿತು. ಇಳಿಯುವ ಜಾಗದಲ್ಲಿ ಬಾಗಿಲು ತೆಗೆದಿಡುವುದು ಮಾತ್ರ ಬಾಕಿ. ಡಿಪಿಆರ್ ಮಾಡುವ ಕೋಣೆಯಲ್ಲಿ ಇಂಥ ಒಬ್ಬ ಅಜ್ಜಿಯನ್ನು ಒಂದು ಗಂಟೆ ಕೂರಿಸಿ ಕೇಳಿದ್ದರೆ, ಮೊದಲು ಏನು ಕಟ್ಟಬೇಕು ಅನ್ನುವುದು ಅರ್ಧ ಕಪ್ ಕಾಫಿ ಮುಗಿಯುವುದರೊಳಗೆ ತೀರ್ಮಾನ ಆಗುತ್ತಿತ್ತು.

ಜಿಲ್ಲಾಡಳಿತದವರಿಗೆ ನನ್ನದು ಒಂದೇ ಕೋರಿಕೆ. ಹೊಸ ಪ್ರಸ್ತಾವ ಕಳಿಸುವ ಮುಂಚೆ, ಕಳೆದ ಹತ್ತು ವರ್ಷದಲ್ಲಿ ಪ್ರವಾಸಿ ತಾಣಗಳಲ್ಲಿ ಕಟ್ಟಿದ ಶೌಚಾಲಯ, ಯಾತ್ರಿ ನಿವಾಸ, ನೀರಿನ ಘಟಕ ಇವುಗಳ ಪಟ್ಟಿ ಮಾಡಿ. ಪ್ರತಿಯೊಂದರ ಮುಂದೆ ಮೂರೇ ಮೂರು ಕಾಲಂ. ಇವತ್ತು ತೆರೆದಿದೆಯೇ, ನೀರಿದೆಯೇ, ಬೀಗದ ಕೈ ಯಾರ ಹತ್ತಿರ ಇದೆ. ಅದನ್ನು ಪತ್ರಿಕೆಯಲ್ಲಿ ಹಾಕಿ. ನೋಡಲು ತಹಶೀಲ್ದಾರರೇ ಹೋಗಬೇಕಾಗಿಲ್ಲ. ಡಿಸೆಂಬರ್‌ನಲ್ಲಿ ಪ್ರವಾಸ ಹೊರಡುವ ಪ್ರತಿ ಶಾಲೆಯ ಟೀಚರ್ ಕೈಗೆ ಒಂದು ಹಾಳೆ ಕೊಟ್ಟರೆ ಸಂಕ್ರಾಂತಿ ಹೊತ್ತಿಗೆ ಮೂರೂ ಜಿಲ್ಲೆಯ ಲೆಕ್ಕ ನಿಮ್ಮ ಟೇಬಲ್ ಮೇಲೆ ಇರುತ್ತದೆ, ಸಂಬಳ ಸಾರಿಗೆ ಏನೂ ಇಲ್ಲದೆ.

ನಾನು ನಿವೃತ್ತಿಯಾದ ದಿನ ನನ್ನ ಜಾಗಕ್ಕೆ ಬಂದ ಹುಡುಗಿಗೆ ಒಂದು ಹಳೇ ನೋಟ್‌ಬುಕ್ ಕೊಟ್ಟೆ. ನಮ್ಮ ಪ್ರವಾಸದ ದಾರಿಗಳಲ್ಲಿ ಹೆಣ್ಣುಮಕ್ಕಳನ್ನು ಎಲ್ಲೆಲ್ಲಿ ಇಳಿಸಬಹುದು ಅನ್ನುವ ಪಟ್ಟಿ ಅದು. ಅದರಲ್ಲಿ ಪೆಟ್ರೋಲ್ ಬಂಕುಗಳಿವೆ, ಮಠಗಳಿವೆ, ಎರಡು ಕಲ್ಯಾಣ ಮಂಟಪ, ಒಂದು ಹೋಟೆಲು, ಆ ಸೌತೆಕಾಯಿ ಅಮ್ಮನ ಮನೆಯೂ ಇದೆ. ಅನುದಾನದಲ್ಲಿ ಕಟ್ಟಿದ ಶೌಚಾಲಯಗಳು ಎರಡು. ಮೊನ್ನೆ ಅವಳು ಫೋನ್ ಮಾಡಿದ್ದಳು. "ಮೇಡಂ, ಆ ಎರಡರಲ್ಲಿ ಒಂದನ್ನ ಪಟ್ಟಿಯಿಂದ ಹೊಡೆದು ಹಾಕ್ಲಾ? ಬೀಗ ಬಿದ್ದಿದೆ" ಅಂದಳು. ಹೊಡೆದು ಹಾಕಮ್ಮ, ಪೆನ್ಸಿಲ್‌ನಲ್ಲಿ ಹಾಕು, ಅಂದೆ.

ಇಂತಿ ನಮಸ್ಕಾರಗಳು,
ಒಬ್ಬ ನಿವೃತ್ತ ಶಿಕ್ಷಕಿ,
ಮಧುಗಿರಿ ತಾಲ್ಲೂಕು, ತುಮಕೂರು ಜಿಲ್ಲೆ